"ಕಂಫರ್ಟ್ ಝೋನ್ ಬಿಟ್ಟು ಬನ್ನಿ" ಅಂತಾರೆ ಸ್ಪಿನ್ ಕ್ಲಾಸಿನಲ್ಲಿ. ಎಷ್ಟು ದೂರ ಬರಬೇಕು?

ರಾಜಾಜಿನಗರ_ರಾಟೆ
ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ನನಗೆ 43 ವರ್ಷ. ಮನೆ ಹತ್ತಿರದ ಜಿಮ್‌ನಲ್ಲಿ ಬೆಳಿಗ್ಗೆ ಆರು ಗಂಟೆಯ ಸ್ಪಿನ್ ಕ್ಲಾಸಿಗೆ, ಅಂದರೆ ನಿಂತಲ್ಲೇ ತುಳಿಯುವ ಸೈಕಲ್ ಕ್ಲಾಸಿಗೆ, ಹೋಗುತ್ತೇನೆ. ಶುರುವಿನಲ್ಲಿ ಒಳ್ಳೇ ಲಾಭ ಆಯಿತು. ಮೆಟ್ರೋ ಸ್ಟೇಷನ್ ಮೆಟ್ಟಿಲು ಹತ್ತಿದರೆ ಬರುತ್ತಿದ್ದ ಏದುಸಿರು ನಿಂತಿತು, ರಾತ್ರಿ ನಿದ್ದೆ ಚೆನ್ನಾಗಿ ಬರುತ್ತದೆ. ಆಮೇಲೆ ಅಲ್ಲಿಗೇ ನಿಂತುಬಿಟ್ಟಿದೆ. ಅದೇ ರೆಸಿಸ್ಟೆನ್ಸ್, ಅದೇ ಬೆವರು, ಅದೇ ಸುಸ್ತು. ಟ್ರೇನರ್ ಹುಡುಗ ಮೈಕಿನಲ್ಲಿ "ಇನ್ನೊಂದು ಸುತ್ತು ಏರಿಸಿ, ಕಂಫರ್ಟ್ ಝೋನ್ ಬಿಟ್ಟು ಬನ್ನಿ" ಅಂತ ಕೂಗುತ್ತಾನೆ. ಎಲ್ಲರ ಕೈಯೂ ಭಾರ ಏರಿಸುವ ಆ ಕೆಂಪು ನಾಬ್ ಮೇಲೆ ಹೋಗುತ್ತದೆ. ಕತ್ತಲಲ್ಲಿ ಯಾರು ನಿಜವಾಗಿ ತಿರುಗಿಸಿದರು, ಯಾರು ಸುಮ್ನೆ ಮುಟ್ಟಿ ಕೈ ತೆಗೆದರು, ದೇವರಿಗೇ ಗೊತ್ತು. ನಾನಂತೂ ಎರಡನೇ ಗುಂಪು.

ಪ್ರಶ್ನೆ ಇಷ್ಟೇ. "ಇನ್ನು ಆಗಲ್ಲ" ಅಂತ ಹೇಳುವುದು ಕಾಲಾ, ತಲೆಯಾ? ಗೊತ್ತು ಮಾಡಿಕೊಳ್ಳುವುದು ಹೇಗೆ? ಇನ್ನೊಂದು, ಜೋರಾಗಿ ತುಳಿದಾಗ ವಾಚ್‌ನಲ್ಲಿ ಹಾರ್ಟ್ ರೇಟ್ 168 ತೋರಿಸುತ್ತದೆ. 220ರಲ್ಲಿ ವಯಸ್ಸು ಕಳೆದರೆ 177. ಅಷ್ಟು ಹತ್ತಿರ ಹೋಗಬಹುದಾ? ಮನೆಯವರು ಆಗಲೇ "ಈ ವಯಸ್ಸಿನಲ್ಲಿ ಇದೆಲ್ಲ ಬೇಕಾ" ಅಂತ ಶುರು ಹಚ್ಚಿಕೊಂಡಿದ್ದಾರೆ.

ತುರಹಳ್ಳಿ_ತಿರುಕ
ವಾರಕ್ಕೆ ಎಷ್ಟು ದಿನ ಹೋಗುತ್ತೀರಿ ಮೇಡಂ?

ರಾಜಾಜಿನಗರ_ರಾಟೆ
ಸೋಮವಾರದಿಂದ ಶುಕ್ರವಾರ. ವರ್ಷದ ಫೀಸು ಒಟ್ಟಿಗೇ ಕಟ್ಟಿಸಿಕೊಂಡಿದ್ದಾರೆ, ಬಿಟ್ಟರೆ ಹೊಟ್ಟೆ ಉರಿಯುತ್ತದೆ.

ತುರಹಳ್ಳಿ_ತಿರುಕ
ಹಾಗಾದರೆ ಕಾಲಿನದ್ದೂ ತಪ್ಪಿಲ್ಲ, ತಲೆಯದ್ದೂ ತಪ್ಪಿಲ್ಲ. ತಪ್ಪು ಟೈಮ್‌ಟೇಬಲ್‌ದು.

ವಾರದಲ್ಲಿ ಐದು ದಿನ ಕೂಗಾಡಿಕೊಂಡು ತುಳಿದರೆ ಯಾವ ದಿನವೂ ಪೂರ್ತಿ ಜೋರು ಆಗಲ್ಲ, ಯಾವ ದಿನವೂ ಪೂರ್ತಿ ಹಗುರ ಆಗಲ್ಲ. ಸೋಮವಾರದ ಸುಸ್ತು ಮಂಗಳವಾರಕ್ಕೆ ಉಳಿದಿರುತ್ತದೆ, ಆದ್ದರಿಂದ ಮಂಗಳವಾರ ಮೈ ತಾನಾಗೇ ಹಿಂದೇಟು ಹಾಕುತ್ತದೆ, ಬುಧವಾರ ಇನ್ನೂ ಸ್ವಲ್ಪ, ಕೊನೆಗೆ ಐದೂ ದಿನ ನಡುವಿನ ಒಂದು ಹದದಲ್ಲೇ ಕಳೆದುಹೋಗುತ್ತದೆ. ಬೆವರು ಬರುತ್ತದೆ, ಸುಸ್ತು ಆಗುತ್ತದೆ, ಮೈಗೆ ಮಾತ್ರ ಹೊಸದೇನೂ ಸಿಗಲ್ಲ. ಒಳ್ಳೇ ಸೈಕಲ್ ಪಟುಗಳ ವಾರ ನೋಡಿದರೆ ಹೆಚ್ಚಿನ ಸಮಯ ಮಾತಾಡಿಕೊಂಡು ತುಳಿಯುವಷ್ಟು ಹಗುರ, ಒಂದೆರಡು ದಿನ ಮಾತ್ರ ಪ್ರಾಣ ಹೋಗುವಷ್ಟು ಜೋರು. ನಮ್ಮಂಥವರು ಅದನ್ನೇ ತಿರುಗುಮುರುಗು ಮಾಡುತ್ತೇವೆ.

ಎರಡು ದಿನ ಜೋರು. ಅದರ ನಡುವೆ ಕನಿಷ್ಠ ಒಂದು ದಿನ ಬಿಡಿ, ಎರಡು ಬಿಟ್ಟರೆ ಇನ್ನೂ ಒಳ್ಳೇದು. ಉಳಿದ ದಿನ ಅದೇ ಕ್ಲಾಸಿಗೆ ಹೋಗಿ, ಹಿಂದಿನ ಸಾಲಿನಲ್ಲಿ ಕೂತು ಹಗುರವಾಗಿ ತುಳಿಯಿರಿ. ಫೀಸೂ ದಂಡ ಆಗಲ್ಲ.

ನಂದಿಗೆ_ಹೊರಟವ
ರೂಮಿನೊಳಗೆ ತುಳಿದು ಎಲ್ಲಿಗೆ ಹೋಗುತ್ತೀರಿ ಸ್ವಾಮಿ? ಭಾನುವಾರ ಬೆಳಿಗ್ಗೆ ನಂದಿ ಬೆಟ್ಟಕ್ಕೆ ಬನ್ನಿ. 1,478 ಮೀಟರ್ ಎತ್ತರ. ಅಲ್ಲಿ ಮೈಕೂ ಇಲ್ಲ, ನಾಬೂ ಇಲ್ಲ. ತಿರುವು ಬಂದಾಗ ನೀವೇ ನಿಮ್ಮ ಕಂಫರ್ಟ್ ಝೋನ್ ಬಿಟ್ಟಿರುತ್ತೀರಿ.

ಅಮ್ಮ_ಆನ್_ವೀಲ್ಸ್
ಬೆಳಿಗ್ಗೆ ನಾಲ್ಕಕ್ಕೆ ಎದ್ದು ನಂದಿಗೆ ಹೋದರೆ ಮನೆಯಲ್ಲಿ ತಿಂಡಿ ಯಾರು ಮಾಡುತ್ತಾರೆ, ನೀವಾ?

ನಂದಿಗೆ_ಹೊರಟವ
ಭಾನುವಾರ ದರ್ಶಿನಿಯಿಂದ ತಂದುಕೊಳ್ಳಿ ಅಕ್ಕ 😀

ಅಮ್ಮ_ಆನ್_ವೀಲ್ಸ್
ತಮಾಷೆ ಬಿಡಿ. ಕತ್ತಲಲ್ಲಿ ಹೆಬ್ಬಾಳದ ಕಡೆ ಒಬ್ಬಳೇ ಸೈಕಲ್ ತುಳಿಯುವ ಹೆಂಗಸಿಗೆ ಆಗುವ ಅನುಭವ ನಿಮಗೆ ಆಗಿರಲ್ಲ. ಲಾರಿ, ಬೀದಿ ನಾಯಿ, ಪಕ್ಕದಲ್ಲಿ ಬಂದು ಹಾರ್ನ್ ಹೊಡೆದು ನಗುವ ಪುಂಡರು. ಮಳೆಗಾಲದಲ್ಲಿ ಗುಂಡಿ ಯಾವುದು, ನೀರು ಯಾವುದು ಗೊತ್ತಾಗಲ್ಲ. ಮನೆಯೊಳಗೆ ತುಳಿಯುವುದು ಸೋಮಾರಿತನ ಅಲ್ಲ. ಎಷ್ಟೋ ಜನಕ್ಕೆ ಇರುವುದೇ ಅದೊಂದು ದಾರಿ.

ಬಸವನಗುಡಿ_ಬಾಲಂಗೋಚಿ
ಇನ್ನೊಂದು ವಿಷಯ. ಜೋರು ತುಳಿತಕ್ಕೆ ರೋಡಿಗಿಂತ ರೂಮೇ ವಾಸಿ. ಬೆಂಗಳೂರಿನಲ್ಲಿ ಸಿಗ್ನಲ್ ಇಲ್ಲದೆ ನಾಲ್ಕು ನಿಮಿಷ ಒಂದೇ ಸಮನೆ ತುಳಿಯುವ ರಸ್ತೆ ತೋರಿಸಿ ನೋಡೋಣ. ಬೆಳಿಗ್ಗೆ ಕಬ್ಬನ್ ಪಾರ್ಕ್ ಒಳಗೆ ತುಳಿದರೂ ವಾಕಿಂಗ್ ತಾತಂದಿರು ಅಡ್ಡ ಬರುತ್ತಾರೆ.

ನಂದಿಗೆ_ಹೊರಟವ
ಸರಿ ಸರಿ, ಸೋತೆ. ಆದರೂ ಗಾಳಿ ಗಾಳಿನೇ.

ಫಿಸಿಯೋ_ಅಕ್ಕ
ನನ್ನ ಕೆಲಸ ಫಿಸಿಯೋಥೆರಪಿ. ಹಾರ್ಟ್ ರೇಟ್ ವಿಷಯಕ್ಕೆ ಯಾರೂ ಬರಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

168 ಅಂದ ಮಾತ್ರಕ್ಕೆ ಹೆದರಬೇಕಾಗಿಲ್ಲ. 220ರಲ್ಲಿ ವಯಸ್ಸು ಕಳೆಯುವುದು ಸರಾಸರಿ ಲೆಕ್ಕ. ಒಬ್ಬೊಬ್ಬರಿಗೆ ಹತ್ತು ಹನ್ನೆರಡು ಬಡಿತ ಆಚೀಚೆ ಇರುವುದು ಮಾಮೂಲು. 2001ರಲ್ಲಿ ತನಾಕಾ ಮತ್ತು ಜೊತೆಗಾರರು ಕೊಟ್ಟ ಇನ್ನೊಂದು ಲೆಕ್ಕ ಇದೆ. ವಯಸ್ಸನ್ನು 0.7ರಿಂದ ಗುಣಿಸಿ 208ರಲ್ಲಿ ಕಳೆಯಬೇಕು. ನಿಮ್ಮ ವಯಸ್ಸಿಗೆ ಎರಡೂ ಹೆಚ್ಚುಕಮ್ಮಿ ಒಂದೇ ಬರುತ್ತದೆ. 60 ವರ್ಷದವರಿಗೆ ಹಳೇ ಲೆಕ್ಕ 160 ಅಂದರೆ ಇದು 166 ಅನ್ನುತ್ತದೆ. ಅಂದರೆ ನಿಮ್ಮ 177 ಕಲ್ಲಿನ ಗೆರೆ ಏನಲ್ಲ, ನಿಮ್ಮ ನಿಜವಾದ ಮೇಲ್ಮಿತಿ 185 ಇರಬಹುದು, 170 ಕೂಡ ಇರಬಹುದು. ಬಿಪಿಗೆ ಬೀಟಾ ಬ್ಲಾಕರ್ ಮಾತ್ರೆ ತಗೊಳ್ಳುವವರಿಗೆ ಈ ಯಾವ ಲೆಕ್ಕವೂ ಹೊಂದಲ್ಲ, ಆ ಮಾತ್ರೆ ಬಡಿತವನ್ನೇ ಏರಲು ಬಿಡುವುದಿಲ್ಲ.

ವಾಚ್ ಮೇಲೂ ಪೂರ್ತಿ ನಂಬಿಕೆ ಬೇಡ. ಹ್ಯಾಂಡಲ್ ಬಿಗಿಯಾಗಿ ಹಿಡಿದಾಗ, ಬೆವರಿದಾಗ ಕೈಗಡಿಯಾರದ ಲೈಟ್ ಸೆನ್ಸರ್ ತಪ್ಪು ಓದುತ್ತದೆ. ಎದೆಗೆ ಕಟ್ಟುವ ಪಟ್ಟಿ ಎಷ್ಟೋ ಮೇಲು.

ಏನೂ ಇಲ್ಲದಿದ್ದರೆ ಮಾತೇ ಮೀಟರು. ಪಕ್ಕದವರ ಜೊತೆ ಆರಾಮಾಗಿ ಮಾತಾಡೋಕೆ ಆದರೆ ಹಗುರ. ಮೂರು ನಾಲ್ಕು ಪದಕ್ಕೊಮ್ಮೆ ಉಸಿರು ಎಳೆಯಬೇಕಾದರೆ ನಡುವಿನದ್ದು. "ಹ್ಞೂಂ" ಬಿಟ್ಟು ಬೇರೇನೂ ಬಾಯಿಗೆ ಬರದಿದ್ದರೆ ಅದು ಜೋರು. ಕಷ್ಟ ಆಗುವುದಕ್ಕೂ ಅಪಾಯಕ್ಕೂ ವ್ಯತ್ಯಾಸ ಇದೆ. ತೊಡೆ ಉರಿ, ಏದುಸಿರು, "ಯಾಕಪ್ಪಾ ಬಂದೆ" ಅನ್ನಿಸುವುದು, ಇವೆಲ್ಲ ಕಷ್ಟ. ಎದೆ ಹಿಂಡಿದ ಹಾಗಾಗುವುದು, ನೋವು ದವಡೆಗೆ ಇಲ್ಲವೇ ತೋಳಿಗೆ ಹೋಗುವುದು, ಕಣ್ಣು ಕತ್ತಲೆ, ಬಡಿತ ತಾಳ ತಪ್ಪುವುದು, ಇವು ಬಂದರೆ ಆ ಕ್ಷಣವೇ ನಿಲ್ಲಿಸಿ. "ಈ ಹಾಡು ಮುಗಿಯಲಿ" ಅಂತ ಕಾಯಬೇಡಿ.

ಜಾಲಹಳ್ಳಿ_ಜಾಣ
ಅಕ್ಕ ಹೇಳಿದ್ದು ಸರಿ. ಆದರೆ ಮನೆಯವರ ಭಯವನ್ನೂ ತಳ್ಳಿಹಾಕೋಕೆ ಆಗಲ್ಲ. 2021ರ ಅಕ್ಟೋಬರ್ 29ಕ್ಕೆ ಅಪ್ಪು ಹೋದ ಮೇಲೆ ನಮ್ಮ ಮನೆಯಲ್ಲಿ ಜಿಮ್ ಅನ್ನುವ ಮಾತು ಎತ್ತುವ ಹಾಗೇ ಇರಲಿಲ್ಲ. ಜಯದೇವ ಆಸ್ಪತ್ರೆಯಲ್ಲಿ ಹೃದಯ ತಪಾಸಣೆಗೆ ಜನ ಸಾಲುಗಟ್ಟಿದ್ದು ಪೇಪರಿನಲ್ಲೆಲ್ಲ ಬಂದಿತ್ತು. ಅಷ್ಟು ಫಿಟ್ ಇದ್ದವರಿಗೇ ಹೀಗಾದರೆ ನಮ್ಮ ಪಾಡೇನು ಅಂತ ಅಮ್ಮ ಇವತ್ತಿಗೂ ಕೇಳುತ್ತಾರೆ.

ಫಿಸಿಯೋ_ಅಕ್ಕ
ಆ ನೋವು ನನಗೂ ಇದೆ. ಆದರೆ ಒಬ್ಬರಿಗೆ ಏನಾಯಿತು ಅನ್ನುವುದನ್ನು ನಾವು ಇಲ್ಲಿ ಕೂತು ತೀರ್ಮಾನ ಮಾಡುವುದು ಬೇಡ. ಅದರಿಂದ ನಾವು ಮಾಡಬಹುದಾದ್ದು ಒಂದೇ. 40 ದಾಟಿದ್ದು, ಸಕ್ಕರೆ ಕಾಯಿಲೆ, ಬಿಪಿ, ಸಿಗರೇಟು, ಮನೆಯಲ್ಲಿ ಚಿಕ್ಕ ವಯಸ್ಸಿನಲ್ಲಿ ಹೃದಯದ ತೊಂದರೆ ಆದವರು, ಇವುಗಳಲ್ಲಿ ಯಾವುದಿದ್ದರೂ ಜೋರು ಶುರು ಮಾಡುವ ಮುಂಚೆ ಡಾಕ್ಟರಿಗೆ ತೋರಿಸಿ. ಇಸಿಜಿ, ಎಕೋ, ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ ಮಾಡುವ ಹೃದಯ ಪರೀಕ್ಷೆ), ಯಾವುದು ಬೇಕು ಅಂತ ಅವರೇ ಹೇಳುತ್ತಾರೆ. ಟಿಎಂಟಿ ನಾರ್ಮಲ್ ಬಂತು ಅಂತ ಮುಂದಿನ ತಿಂಗಳ ಎದೆನೋವನ್ನು ಕಡೆಗಣಿಸಬೇಡಿ, ಅದು ಗ್ಯಾರಂಟಿ ಕಾರ್ಡ್ ಅಲ್ಲ.

ಮೈಕ್_ಹಿಡಿದವ
ನಾನು ಸ್ಪಿನ್ ಕ್ಲಾಸ್ ತಗೊಳ್ಳುವವನು. ನಮ್ಮ ಜಾತಿಗೆ ಇಷ್ಟು ಬೈದ ಮೇಲೆ ಸುಮ್ನಿರೋಕೆ ಆಗಲಿಲ್ಲ.

ನಾವು ಕೂಗುವುದು ಚಟಕ್ಕಲ್ಲ. ಒಂದು ರೂಮಿನಲ್ಲಿ ಮೊನ್ನೆ ಸೇರಿದವರೂ ಇರುತ್ತಾರೆ, ಮ್ಯಾರಥಾನ್ ಓಡುವವರೂ ಇರುತ್ತಾರೆ. ಎಲ್ಲರಿಗೂ ಒಂದೇ ಮೈಕು. ಹತ್ತು ಜನ ಬಿಟ್ಟರೂ ಒಬ್ಬರಾದರೂ ಏರಿಸಲಿ ಅಂತ ಕೂಗುತ್ತೇವೆ. ಮೇಡಂಗೆ ಒಂದು ಗುಟ್ಟು ಹೇಳುತ್ತೇನೆ. "ಒಂದು ಸುತ್ತು" ಅನ್ನುವುದಕ್ಕೆ ಅರ್ಥವೇ ಇಲ್ಲ. ಫೆಲ್ಟ್ ಪ್ಯಾಡ್ ಇರುವ ಹಳೇ ಬೈಕುಗಳಲ್ಲಿ ಪ್ಯಾಡ್ ಸವೆದಿದ್ದರೆ ಒಂದು ಸುತ್ತು ತಿರುಗಿಸಿದರೂ ಏನೂ ಆಗಲ್ಲ, ಪಕ್ಕದ ಬೈಕಿನಲ್ಲಿ ಕಾಲು ಸುತ್ತಿಗೇ ಚಕ್ರ ಹಿಡಿದುಬಿಡುತ್ತದೆ. ಬೇಗ ಬಂದು ದಿನಾ ಅದೇ ಬೈಕ್ ಹಿಡಿಯಿರಿ. ಸ್ಕ್ರೀನಿನಲ್ಲಿ ವಾಟ್ (ನೀವು ತುಳಿಯುವ ಶಕ್ತಿಯ ಅಳತೆ) ಬರುವ ಬೈಕ್ ಇದ್ದರೆ ಅದನ್ನೇ ಹಿಡಿಯಿರಿ, ಆಗ ನನ್ನ ಮಾತು ಕೇಳುವ ಅಗತ್ಯವೇ ಇಲ್ಲ.

ಕಾಲಾ ತಲೆಯಾ ಅನ್ನುವುದಕ್ಕೆ ನಾನು ನೋಡುವುದು ಹೀಗೆ. ಏರಿಸಿದ ಮೇಲೆ ಮೂವತ್ತು ಸೆಕೆಂಡ್ ಬಿಡುತ್ತೇನೆ. ನಿಮಿಷಕ್ಕೆ 85 ಸುತ್ತು ತುಳಿಯುತ್ತಿದ್ದವರು 82ರಲ್ಲಿ ನಿಂತು ಮುಖ ಕಿವುಚಿದರೆ ತಲೆ ಜಗಳ ಆಡುತ್ತಿದೆ ಅಷ್ಟೇ, ಕಾಲಿನಲ್ಲಿ ಇನ್ನೂ ಇದೆ. 65ಕ್ಕೆ ಇಳಿದು, ಸೊಂಟ ಸೀಟಿನ ಮೇಲೆ ಎಡಕ್ಕೆ ಬಲಕ್ಕೆ ಕುಣಿದು, ಭುಜ ಕಿವಿಗೆ ಬಂದು, ಇಡೀ ಭಾರ ಹ್ಯಾಂಡಲ್ ಮೇಲೆ ಬಿದ್ದರೆ ಕಾಲು ಖಾಲಿ. ಅಂಥವರ ಹತ್ತಿರ ಹೋಗಿ ನಾನೇ ನಾಬ್ ಇಳಿಸುತ್ತೇನೆ.

ಅಮ್ಮ_ಆನ್_ವೀಲ್ಸ್
ನಿಮ್ಮಂಥವರು ಎಲ್ಲ ಕಡೆ ಇದ್ದರೆ ಚೆನ್ನಾಗಿತ್ತು. ನಾನು ಹೋಗುತ್ತಿದ್ದ ಕಡೆ ಒಬ್ಬ ಎಲ್ಲರೆದುರಿಗೆ "ಆಂಟಿ, ಪಾರ್ಕಿಗೆ ವಾಕಿಂಗ್ ಬಂದಿದ್ದೀರಾ" ಅಂದ. ಮಾರನೇ ದಿನದಿಂದ ಹೋಗಲಿಲ್ಲ. ಮನೆಗೇ ಒಂದು ಬೈಕ್ ತಂದೆ.

ಕೋರಮಂಗಲ_ಕೋಡರ್
ನಮ್ಮ ಕಡೆ 45 ನಿಮಿಷದ ತಬಾತಾ ಕ್ಲಾಸ್ ಇದೆ, ಸೂಪರ್. ಮೇಡಂ ಅದಕ್ಕೆ ಸೇರಿ, ಎಲ್ಲ ಕಂಫರ್ಟ್ ಝೋನೂ ಒಡೆದುಹೋಗುತ್ತದೆ.

ತುರಹಳ್ಳಿ_ತಿರುಕ
45 ನಿಮಿಷ ಮಾಡೋಕೆ ಆಗುತ್ತಿದೆ ಅಂದರೆ ಅದು ತಬಾತಾ ಅಲ್ಲ ಗುರು.

ಕೋರಮಂಗಲ_ಕೋಡರ್
20 ಸೆಕೆಂಡ್ ಜೋರು, 10 ಸೆಕೆಂಡ್ ಬಿಡುವು. ಅದೇ ತಾನೇ ತಬಾತಾ?

ತುರಹಳ್ಳಿ_ತಿರುಕ
ಗಡಿಯಾರ ಅದೇ, ತುಳಿತ ಅದಲ್ಲ. ಇಝುಮಿ ತಬಾತಾ ಜೊತೆಗಾರರ ಜೊತೆ 1996ರಲ್ಲಿ ಅಧ್ಯಯನ ಪ್ರಕಟಿಸಿದ್ದು. ಆ ಕ್ರಮ ಮೊದಲು ಮಾಡಿಸುತ್ತಿದ್ದದ್ದು ಜಪಾನಿನ ಸ್ಪೀಡ್ ಸ್ಕೇಟಿಂಗ್ ಕೋಚ್ ಇರಿಸಾವಾ. ಅಧ್ಯಯನ ನಡೆದದ್ದೂ ನಿಂತಲ್ಲೇ ತುಳಿಯುವ ಸೈಕಲ್ ಮೇಲೇ, ಅದು ಬಹಳ ಜನಕ್ಕೆ ಗೊತ್ತಿಲ್ಲ. ದೇಹ ಗರಿಷ್ಠ ಆಮ್ಲಜನಕ ಬಳಸುವಾಗ ಎಷ್ಟು ಪವರ್ ಬರುತ್ತದೋ ಅದರ ಸುಮಾರು 170 ಶೇಕಡಾ ಭಾರ. ಏಳೆಂಟು ಸುತ್ತಿಗೆ ಆಸಾಮಿ ಪೂರ್ತಿ ಕೈಚೆಲ್ಲಬೇಕು. ಒಂಬತ್ತನೇದು ಆಯಿತು ಅಂದರೆ ಭಾರ ಕಮ್ಮಿ ಇತ್ತು ಅಂತ ಅರ್ಥ. ಒಟ್ಟು ನಾಲ್ಕು ನಿಮಿಷದ ಆಟ. ಮಾಡಿದವರು ವ್ಯಾಯಾಮ ಶಿಕ್ಷಣದ ಗಟ್ಟಿಮುಟ್ಟಾದ ಹುಡುಗರು, ಆಫೀಸಿನಲ್ಲಿ ಕೂತು ಬೆನ್ನು ಬಗ್ಗಿದವರಲ್ಲ.

ಆರು ವಾರ ಆದ ಮೇಲೆ ಅವರ ಆಮ್ಲಜನಕ ಬಳಸುವ ಶಕ್ತಿ ಕಿಲೋಗೆ ನಿಮಿಷಕ್ಕೆ 7 ಮಿ.ಲೀ. ಏರಿತು. ವಾರಕ್ಕೆ ಐದು ದಿನ ಒಂದೊಂದು ಗಂಟೆ ಒಂದೇ ಹದದಲ್ಲಿ ತುಳಿದ ಇನ್ನೊಂದು ಗುಂಪಿಗೂ 5 ಏರಿತು. ಅದನ್ನು ಯಾರೂ ಪೋಸ್ಟರ್ ಮೇಲೆ ಹಾಕಲ್ಲ. ಜೋರು ಗುಂಪಿಗೆ ಎದ್ದು ಕಾಣುವ ಹಾಗೆ ಸಿಕ್ಕಿದ್ದು ದಮ್ಮು ಕಟ್ಟಿ ಮಾಡುವ ಕೆಲಸದ ಶಕ್ತಿ, ಅದು 28 ಶೇಕಡಾ ಹೆಚ್ಚಿತು. ಒಂದೇ ಹದದ ಗುಂಪಿಗೆ ಅದು ಏರಲೇ ಇಲ್ಲ.

ಕೋರಮಂಗಲ_ಕೋಡರ್
ಹಾಗಾದರೆ ನಮ್ಮ ಕ್ಲಾಸಿಗೆ ಏನನ್ನಬೇಕು?

ಬಸವನಗುಡಿ_ಬಾಲಂಗೋಚಿ
ಹಾಡು ಮತ್ತು ನೃತ್ಯ.

ಮೈಕ್_ಹಿಡಿದವ
🙄 ಅದರಿಂದಲೂ ಜನಕ್ಕೆ ಒಳ್ಳೇದೇ ಆಗುತ್ತದೆ ಸಾರ್. ಸೋಫಾ ಮೇಲೆ ಕೂತಿರುವುದಕ್ಕಿಂತ ವಾಸಿ ಅಲ್ವಾ?

ವಾಟ್_ವೆಂಕಿ
ಮೇಡಂಗೆ ತಬಾತಾ ಬೇಡ. ನಾರ್ವೆಯವರ ನಾಲ್ಕು ಬೈ ನಾಲ್ಕು ಮಾಡಿಸಿ. ಹತ್ತು ನಿಮಿಷ ಮೈ ಬಿಸಿ ಮಾಡಿಕೊಳ್ಳುವುದು. ಆಮೇಲೆ ನಾಲ್ಕು ನಿಮಿಷ ಜೋರು, ಗರಿಷ್ಠ ಬಡಿತದ 90 ಶೇಕಡಾ ದಾಟುವ ಹಾಗೆ. ಮೂರು ನಿಮಿಷ ಹಗುರ, ಕಾಲು ಮಾತ್ರ ಆಡುತ್ತಿರಲಿ. ಹೀಗೆ ನಾಲ್ಕು ಸಲ. ಕೊನೆಗೆ ತಣ್ಣಗಾಗೋಕೆ ಐದು ನಿಮಿಷ. ಮುಕ್ಕಾಲು ಗಂಟೆಯೊಳಗೆ ಮನೆ.

ಎಲ್ಲರೂ ಎಡವುವುದು ಮೊದಲನೇ ಸುತ್ತಿನಲ್ಲಿ. ಕಾಲು ಹೊಸದಾಗಿರುತ್ತದೆ, ಹಾಡು ಬೇರೆ ಇರುತ್ತದೆ, ಮೊದಲ ನಿಮಿಷದಲ್ಲೇ ಎಲ್ಲ ಸುರಿದುಬಿಡುತ್ತಾರೆ. ಆಮೇಲೆ ಮೂರನೇ ಸುತ್ತಿಗೆ ಬರುವಷ್ಟರಲ್ಲಿ ಸತ್ತೆ ಕೆಟ್ಟೆ. ಬಡಿತ ಏರೋಕೆ ಒಂದೆರಡು ನಿಮಿಷ ಬೇಕೇ ಬೇಕು. ಶುರುವಿನಲ್ಲಿ ವಾಚ್ 140 ತೋರಿಸಿತು ಅಂತ ಇನ್ನೂ ಏರಿಸಬೇಡಿ. ಮೊದಲನೇದು ಮುಗಿದಾಗ "ಅಯ್ಯೋ ಇಷ್ಟೇನಾ" ಅನ್ನಿಸಬೇಕು. ಮೂರನೇದರಲ್ಲಿ ಮನೆ ನೆನಪಾಗಬೇಕು. ನಾಲ್ಕನೇದರ ಕೊನೆ ನಿಮಿಷದಲ್ಲಿ ವೇಗ ಬೀಳದೆ ಉಳಿದರೆ ಮುಂದಿನ ವಾರ ಒಂದು ಚೂರು ಏರಿಸಿ. ಬಿದ್ದರೆ ಅದೇ ಭಾರದಲ್ಲಿ ಇನ್ನೊಂದು ವಾರ. ಕಂಫರ್ಟ್ ಝೋನ್ ದಾಟುವುದು ಅಂದರೆ ನನ್ನ ಪ್ರಕಾರ ಆ ಒಂದು ಚೂರು. ಒಂದೇ ದಿನ ಗೋಡೆಗೆ ತಲೆ ಚಚ್ಚಿಕೊಳ್ಳುವುದಲ್ಲ.

ರಾಜಾಜಿನಗರ_ರಾಟೆ
ನಾಲ್ಕು ನಿಮಿಷಾನಾ! ನಾನು ಒಂದು ನಿಮಿಷಕ್ಕೇ ಗಡಿಯಾರ ನೋಡುವವಳು.

ವಾಟ್_ವೆಂಕಿ
ಒಂದು ನಿಮಿಷ ಜೋರು, ಒಂದು ನಿಮಿಷ ಹಗುರದಿಂದ ಶುರು ಮಾಡಿ. ಆಮೇಲೆ ಎರಡು. ಯಾರೂ ಅಟ್ಟಿಸಿಕೊಂಡು ಬರುತ್ತಿಲ್ಲ.

ಬನಶಂಕರಿ_ಬೆವರು
ಮನೆಯಲ್ಲಿ ಟ್ರೇನರ್ (ಮನುಷ್ಯ ಅಲ್ಲ, ಸೈಕಲ್ ಸಿಕ್ಕಿಸಿ ನಿಂತಲ್ಲೇ ತುಳಿಯುವ ಯಂತ್ರ) ಇಟ್ಟುಕೊಂಡವರಿಗೆ ಒಂದು ಮಾತು. ಫ್ಯಾನ್. ಫ್ಯಾನ್. ಫ್ಯಾನ್. ಹೊರಗೆ ತುಳಿದಾಗ ಗಾಳಿ ಬೆವರನ್ನು ಆರಿಸುತ್ತದೆ. ರೂಮಿನಲ್ಲಿ ಅದು ಇಲ್ಲ. ಮೈ ಬಿಸಿಯಾಗಿ, ರಕ್ತ ಚರ್ಮದ ಕಡೆ ಓಡಿ, ಅದೇ ವಾಟ್‌ಗೆ ಬಡಿತ ಏರುತ್ತಾ ಹೋಗುತ್ತದೆ. "ಇವತ್ತು ಆಗುತ್ತಿಲ್ಲ" ಅಂತ ನಿಲ್ಲಿಸುವವರಲ್ಲಿ ಎಷ್ಟೋ ಜನಕ್ಕೆ ಸೆಖೆ ಆಗಿರುತ್ತದೆ ಅಷ್ಟೇ. ಸೀಲಿಂಗ್ ಫ್ಯಾನ್ ಸಾಲದು, ಎದೆಗೆ ನೇರ ಹೊಡೆಯುವ ಪೆಡೆಸ್ಟಲ್ ಫ್ಯಾನ್ ಇಡಿ. ಹ್ಯಾಂಡಲ್ ಮೇಲೆ ಟವೆಲ್ ಹಾಕಿ, ಬೆವರಿನ ಉಪ್ಪು ಬೋಲ್ಟನ್ನೆಲ್ಲ ತಿನ್ನುತ್ತದೆ.

ವಾಟ್_ವೆಂಕಿ
ಬೆಸ್ಕಾಂನವರು ಕರೆಂಟ್ ತೆಗೆದಾಗ?

ಬನಶಂಕರಿ_ಬೆವರು
ದೇವರೇ ಗತಿ. ಯುಪಿಎಸ್‌ಗೆ ಹಾಕಿದರೆ ಹೆಂಡತಿ ವೈಫೈ ಹೋಯಿತು ಅಂತ ಬರುತ್ತಾಳೆ.

ವಾಟ್_ವೆಂಕಿ
ಸ್ಮಾರ್ಟ್ ಟ್ರೇನರ್ ಇರುವವರು ಅರ್ಗ್ ಮೋಡ್ ಬಗ್ಗೆ ಹುಷಾರು. ಅದರಲ್ಲಿ ಯಂತ್ರ ನೀವು ಇಟ್ಟ ವಾಟನ್ನೇ ಹಿಡಿದು ಕೂರುತ್ತದೆ. ಸುಸ್ತಾಗಿ ನಿಧಾನ ತುಳಿದಿರೋ, ಅದೇ ವಾಟ್ ಬರಲಿ ಅಂತ ಇನ್ನೂ ಬಿಗಿ ಮಾಡುತ್ತದೆ. ಬಿಗಿಯಾದಷ್ಟೂ ನೀವು ನಿಧಾನ, ನಿಧಾನ ಆದಷ್ಟೂ ಅದು ಬಿಗಿ, ಕೊನೆಗೆ ಪೆಡಲ್ ಕಲ್ಲಾಗುತ್ತದೆ. ಅಂಥ ಹೊತ್ತಿನಲ್ಲಿ ಒದ್ದಾಡಬೇಡಿ. ಮೋಡ್ ಆಫ್ ಮಾಡಿ, ವೇಗ ಎತ್ತಿಕೊಂಡು, ಮತ್ತೆ ಹಾಕಿ.

ಮಲ್ಲೇಶ್ವರ_ಮಂಡಿ
ಎಲ್ಲರೂ ಹೃದಯ, ವಾಟ್ ಅಂತೀರಿ. ನನ್ನ ಮಂಡಿ ಕೇಳುವವರಿಲ್ಲ. ಜೋರು ತುಳಿದ ಮಾರನೇ ದಿನ ಚಿಪ್ಪಿನ ಮುಂದೆ ನೋವು.

ಫಿಸಿಯೋ_ಅಕ್ಕ
ಸೀಟು ಕೆಳಗಿದೆ ಅಂತ ನನ್ನ ಅನುಮಾನ. ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಪೆಡಲ್ ಮೇಲಿಡಿ. ಪೆಡಲ್ ಪೂರ್ತಿ ಕೆಳಗಿದ್ದಾಗ ಕಾಲು ನೇರ ಆಗಬೇಕು. ಆಮೇಲೆ ಪಾದದ ಮುಂಭಾಗದಲ್ಲಿ ತುಳಿದರೆ ಮಂಡಿ ತಾನಾಗೇ ಸ್ವಲ್ಪ ಬಗ್ಗಿರುತ್ತದೆ. ತುಂಬಾ ಮೇಲಿಟ್ಟರೆ ನೋವು ಮಂಡಿ ಹಿಂದೆ ಬರುತ್ತದೆ, ಸೊಂಟ ಅಲ್ಲಾಡುತ್ತದೆ. ಜೊತೆಗೆ ಭಾರ ಇಳಿಸಿ ವೇಗ ಏರಿಸಿ. 60ರಲ್ಲಿ ಕಲ್ಲು ತಳ್ಳುವುದಕ್ಕಿಂತ 85-90ರಲ್ಲಿ ತುಳಿದರೆ ಮಂಡಿಗೆ ಹಗುರ. ಎರಡು ವಾರದಲ್ಲಿ ಕಮ್ಮಿ ಆಗದಿದ್ದರೆ ಎದುರಿಗೆ ಯಾರಿಗಾದರೂ ತೋರಿಸಿ.

ಹೊಸಬರಿಗೆ ಇನ್ನೊಂದು, ಇದನ್ನು ಯಾರೂ ಹೇಳಲ್ಲ. ಮೊದಲ ಕ್ಲಾಸಿಗೇ ಹಠಕ್ಕೆ ಬಿದ್ದು ತುಳಿದು, ಒಂದೆರಡು ದಿನ ಬಿಟ್ಟು ತೊಡೆ ಊದಿ, ಮೂತ್ರ ಕೋಲಾ ಬಣ್ಣಕ್ಕೆ ಬಂದರೆ ಅದು ಮಾಮೂಲಿ ಮೈಕೈ ನೋವಲ್ಲ. ಸ್ನಾಯು ಒಡೆದು ಅದರ ಅಂಶ ಕಿಡ್ನಿಗೆ ಹೋಗುತ್ತಿರುತ್ತದೆ. ರಾಬ್ಡೋ ಅಂತಾರೆ. ಅವತ್ತೇ ಆಸ್ಪತ್ರೆಗೆ ಹೋಗಿ. ವರ್ಷಗಟ್ಟಲೆ ಓಡುತ್ತಿದ್ದವರಿಗೂ ಸ್ಪಿನ್ ಹೊಸದಾದರೆ ಆಗಬಹುದು.

ಜಾಲಹಳ್ಳಿ_ಜಾಣ
ಅಮ್ಮಂಗೆ ಈ ಥ್ರೆಡ್ ತೋರಿಸಬಾರದು ಅಂತ ತೀರ್ಮಾನ ಮಾಡಿದೆ.

ಅಮ್ಮ_ಆನ್_ವೀಲ್ಸ್
ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಇದನ್ನೂ ಸೇರಿಸಿ. ಸ್ಪಿನ್ ಬೈಕಿನ ಚಕ್ರ ಕಾಲು ನಿಲ್ಲಿಸಿದರೂ ನಿಲ್ಲಲ್ಲ, ಪೆಡಲನ್ನೂ ಎಳೆದುಕೊಂಡು ತಿರುಗುತ್ತದೆ. ನಾಬ್ ಕೆಳಗೆ ಒತ್ತಿ ಹಿಡಿದರೆ ಬ್ರೇಕು. ಅದನ್ನು ಮೊದಲು ಕಲಿಯಿರಿ. ನಾನು ಇಳಿದ ಮೇಲೆ ನಾಬ್ ಪೂರ್ತಿ ಬಿಗಿ ಮಾಡಿಯೇ ರೂಮಿನಿಂದ ಹೊರಗೆ ಬರುವುದು.

ಕೋರಮಂಗಲ_ಕೋಡರ್
ಒಂದು ಕ್ಲಾಸಿಗೆ ಸ್ಕ್ರೀನ್ 700 ಕ್ಯಾಲೊರಿ ತೋರಿಸುತ್ತದೆ. ಅಂದರೆ ಬೆಣ್ಣೆ ಮಸಾಲೆ ಫ್ರೀ ತಾನೇ?

ಬಸವನಗುಡಿ_ಬಾಲಂಗೋಚಿ
ನಿಮ್ಮ ತೂಕ ಕೇಳದ ಮೆಷಿನ್ ಹೇಳುವ ಕ್ಯಾಲೊರಿಯನ್ನು ನಂಬುವುದೂ ಒಂದೇ, ಗಿಳಿಶಾಸ್ತ್ರ ಕೇಳುವುದೂ ಒಂದೇ. ಮಸಾಲೆ ತಿನ್ನಿ, ಲೆಕ್ಕ ಬೇಡ.

ರಾಜಾಜಿನಗರ_ರಾಟೆ
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಕ್ಲಾಸ್ ಮುಗಿದ ಮೇಲೆ ಟ್ರೇನರ್ ಹುಡುಗನ ಹತ್ತಿರ ಹೋಗಿ, ಮಂಗಳವಾರ ಮತ್ತು ಶುಕ್ರವಾರ ಮಾತ್ರ ಜೋರು ತುಳಿಯುತ್ತೇನೆ, ಉಳಿದ ದಿನ ನನ್ನ ಕಡೆ ನೋಡಿ ಕೂಗಬೇಡ ಅಂದೆ. "ಆಗ ಎನರ್ಜಿ ಡೌನ್ ಆಗುತ್ತೆ ಮೇಡಂ" ಅಂದ. ಯಾರದ್ದು ಅಂತ ಕೇಳಿದೆ. ತಲೆ ಕೆರೆದುಕೊಂಡ. ಇಸಿಜಿಗೂ ಬುಕ್ ಮಾಡಿದ್ದೇನೆ, ಮನೆಯವರ ಬಾಯಿ ಮುಚ್ಚಿಸೋಕೆ. ಬೆಳಿಗ್ಗೆ ಆರಕ್ಕೆ ಹೋಗುವ ಮುಂಚೆ ಏನಾದರೂ ತಿನ್ನಬೇಕಾ?

ಮೈಕ್_ಹಿಡಿದವ
ಜೋರು ದಿನ ಅರ್ಧ ಗಂಟೆ ಮುಂಚೆ ಒಂದು ಏಲಕ್ಕಿ ಬಾಳೆಹಣ್ಣು, ಒಂದು ಲೋಟ ನೀರು. ಹಗುರದ ದಿನ ಕಾಫಿ ಸಾಕು. ಆ ಹುಡುಗನಿಗೆ ನನ್ನ ಕಡೆಯಿಂದ ಹೇಳಿ, ಹಿಂದಿನ ಸಾಲಿನವರನ್ನು ಸುಮ್ನೆ ಬಿಡೋಕೆ ಕಲಿ ಅಂತ.

ನಂದಿಗೆ_ಹೊರಟವ
ಇಸಿಜಿ ಸರಿ ಬಂದರೆ ಭಾನುವಾರ ಹಗುರದ ದಿನ ಅಂತ ಇಟ್ಟುಕೊಳ್ಳಿ. ನಂದಿಗೆ...

ಅಮ್ಮ_ಆನ್_ವೀಲ್ಸ್
ನಂದಿ ಹತ್ತುವುದು ಯಾವ ಊರಲ್ಲಿ ಹಗುರ ರೀ?